ಅಧ್ಯಕ್ಷಪದವಿಯೂ ಜನ್ಮವಿಚಾರವೂ

ರಾಜ್ಯದ ಪರಮೋನ್ನತ ಪದವಿಗೆ ಒಬ್ಬರನ್ನು ಚುನಾಯಿಸುವಾಗ ಅವರ ಮೈಬಣ್ಣವನ್ನೂ, ಅವರು ಸ್ತ್ರೀಯೋ ಪುರುಷರೋ ಎಂಬುದನ್ನೂ ಗಣನೆಗೆ ತಂದುಕೊಳ್ಳುವುದು ನ್ಯಾಯವೆ? ವಿದ್ಯಾವಂತರಾದವರನ್ನು ಈ ಪ್ರಶ್ನೆ ಕೇಳಿದರೆ ‘ಖಂಡಿತವಾಗಿಯೂ ಅಲ್ಲ’ ಎಂಬ ಉತ್ತರವು ತಡವಿಲ್ಲದೆ ಬರುವುದು. ನೋಡತಕ್ಕದ್ದು ಗುಣವನ್ನು, ಜನ್ಮವನ್ನಲ್ಲ. ಇದು ಎಲ್ಲರೂ ಒಪ್ಪಿದ ಮಾತು. ಮಾತು ನಿಜವೂ ಹೌದು. ಆದರೆ ಅಷ್ಟು ಸುಲಭವಾಗಿ ದೊರೆತ ಉತ್ತರವು ಪ್ರಶ್ನೆಯ ಅರ್ಧವನ್ನು ಮಾತ್ರ ಮುಟ್ಟಿ ಉಳಿದರ್ಧವನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಈ ವಿಷಯದಲ್ಲಿ ಬಹುಕಾಲ ತೊಳಲಾಡಿರುವ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನು ನೋಡಿದವರಿಗೆ ಇದು ತೋರದಿರದು.

ಕನ್ನಡದಲ್ಲಿ ‘ವರ್ಣ’ವೆಂಬ ಶಬ್ದಕ್ಕೆ ಬಣ್ಣವೆಂಬ ಅರ್ಥವೂ ಉಂಟು, ಜಾತಿಯೆಂಬ ಅರ್ಥವೂ ಉಂಟು. ಆದುದರಿಂದ ಕನ್ನಡಿಗರಾದ ವಾಚಕರಿಗೆ ಅಮೆರಿಕೆಯ ಈ ತೊಡಕು ಕೇವಲ ಪರದೇಶದ ಸಮಾಚಾರವಾಗಿ ಕೇಳಿಸಲಾರದು. ಆದರೂ ಅದನ್ನು ಅದರ ನೆಲದಲ್ಲಿಯೇ ಇಟ್ಟು ನೋಡುವುದು ಒಳ್ಳೆಯದು. ಒಂದು ಮನೆಯ ಬೀಗಕ್ಕೆ ಮತ್ತೊಂದು ಮನೆಯ ಬೀಗದ ಕೈ ಹತ್ತುವುದಿಲ್ಲ.

1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಿದ್ಧವಾದ ಆ ದೇಶದ ರಾಜ್ಯಾಂಗವು ಅಧ್ಯಕ್ಷನಾಗತಕ್ಕವನಿಗೆ ಮೂರೇ ಅರ್ಹತೆಗಳನ್ನು ವಿಧಿಸಿದೆ. ಆತನು ಜನ್ಮತಃ ಆ ದೇಶದ ಪ್ರಜೆಯಾಗಿರಬೇಕು, ಮೂವತ್ತೈದು ವರ್ಷ ತುಂಬಿರಬೇಕು, ಹದಿನಾಲ್ಕು ವರ್ಷ ಆ ದೇಶದಲ್ಲಿ ವಾಸಮಾಡಿರಬೇಕು. ಮತದ ಪರೀಕ್ಷೆಯನ್ನು ಯಾವ ಅಧಿಕಾರಕ್ಕೂ ಒಡ್ಡಕೂಡದೆಂದು ಅದು ಸ್ಪಷ್ಟವಾಗಿ ನಿಷೇಧಿಸಿದೆ. ಬಣ್ಣದ ಮಾತಿಲ್ಲ; ಸ್ತ್ರೀಯರು ಅನರ್ಹರೆಂಬ ಮಾತೂ ಇಲ್ಲ. ಇಷ್ಟನ್ನೇ ಓದಿದವರು ಇದಕ್ಕಿಂತ ಉದಾರವಾದ ಶಾಸನವುಂಟೇ ಎಂದು ಮೆಚ್ಚಬಹುದು. ಆದರೆ ಅದೇ ರಾಜ್ಯಾಂಗವು, ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ, ಗುಲಾಮರಾದವರ ತಲೆಗಳನ್ನು ಐದಕ್ಕೆ ಮೂರರಂತೆ ಲೆಕ್ಕಹಾಕಿತು. ಅದೂ ‘ಗುಲಾಮ’ನೆಂಬ ಶಬ್ದವನ್ನು ಎಲ್ಲಿಯೂ ಬಾಯಿಬಿಟ್ಟು ಹೇಳದೆ. ಬರೆಯದೆ ಬಿಟ್ಟದ್ದು ಔದಾರ್ಯದಿಂದಲ್ಲ; ಬರೆಯಬೇಕಾದ ಅಗತ್ಯವೇ ಯಾರಿಗೂ ಕಾಣಲಿಲ್ಲ. 1789ರಲ್ಲಿ ವಾಷಿಂಗ್ಟನ್ನರು ಪೀಠವನ್ನೇರಿದಂದಿನಿಂದ 2009ರ ಜನವರಿಯವರೆಗೆ ಆ ಪೀಠದಲ್ಲಿ ಕುಳಿತವರು ನಾಲ್ವತ್ತೆರಡು ಮಂದಿ. ಅಷ್ಟು ಮಂದಿಯೂ ಶ್ವೇತವರ್ಣದ ಪುರುಷರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆ ಇನ್ನೂರಿಪ್ಪತ್ತು ವರ್ಷಗಳ ಪ್ರತಿಯೊಂದು ಚುನಾವಣೆಯಲ್ಲಿಯೂ ವರ್ಣವೂ ಸ್ತ್ರೀಪುರುಷಭೇದವೂ ಗಣನೆಗೆ ಬಂದಿದ್ದವು. ‘ಬರಬಹುದೆ?’ ಎಂಬ ಪ್ರಶ್ನೆಯು ಮಾತ್ರ ಅಪರೂಪಕ್ಕೊಮ್ಮೆ ಎದ್ದಿತು. ಬೇರೆ ಬಣ್ಣದವರೊಬ್ಬರೋ ಸ್ತ್ರೀಯೊಬ್ಬಳೋ ಎದ್ದುನಿಂತಾಗಲೇ ಜನರಿಗೆ ತತ್ತ್ವವು ನೆನಪಾಗುವುದು. ಸಂತೆಯ ವ್ಯಾಪಾರಿಗಳಲ್ಲಿ ಕೆಲವರು ತಕ್ಕಡಿಯ ತಟ್ಟೆಯ ಅಡಿಗೆ ಹುಣಿಸೆಹಣ್ಣನ್ನು ಮೆತ್ತಿರುತ್ತಾರೆಂಬುದನ್ನು ಕೇಳದವರಿಲ್ಲ. ಕೊಳ್ಳುವವನು ತಟ್ಟೆಯನ್ನು ತಿರುಗಿಸಿ ನೋಡಹೋದರೆ ‘ತಕ್ಕಡಿಯನ್ನು ಮುಟ್ಟಬೇಡ, ತೂಕ ಕೆಡುತ್ತದೆ’ ಎಂದು ಗದರಿಸುವವನೂ ಆ ವ್ಯಾಪಾರಿಯೇ. ಗುಣವೊಂದನ್ನೇ ತೂಗಬೇಕೆನ್ನುವವರು ತಟ್ಟೆಯ ಅಡಿಯನ್ನು ಮೊದಲು ನೋಡಿಕೊಳ್ಳಬೇಕಾಗುತ್ತದೆ.

ಹಾಗೆ ನೋಡಹೊರಟವರು ತಮ್ಮತಮ್ಮಲ್ಲಿಯೇ ಜಗಳವಾಡಿಕೊಂಡದ್ದು ಈ ಚರಿತ್ರೆಯ ಅತ್ಯಂತ ದುಃಖಕರವಾದ ಅಧ್ಯಾಯ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾವಾಗ್ಮಿಯೆನಿಸಿಕೊಂಡ ಫ್ರೆಡರಿಕ್ ಡಗ್ಲಸರು 1848ರಲ್ಲಿ ಸೆನಕಾ ಫಾಲ್ಸ್ ಎಂಬ ಊರಿನಲ್ಲಿ ಸೇರಿದ ಸ್ತ್ರೀಯರ ಸಭೆಗೆ ಹೋಗಿ, ಸ್ತ್ರೀಯರಿಗೂ ಮತದಾನದ ಹಕ್ಕು ಬೇಕೆಂಬ ನಿರ್ಣಯವನ್ನು ಬೆಂಬಲಿಸಿದವರು. ಅದನ್ನು ಮಂಡಿಸಿದವರು ಎಲಿಜಬೆತ್ ಕೇಡಿ ಸ್ಟ್ಯಾಂಟನ್. ಇಪ್ಪತ್ತೊಂದು ವರ್ಷಗಳ ಮೇಲೆ, 1869ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಸಭೆಯೊಂದರಲ್ಲಿ ಅವರಿಬ್ಬರೂ ಎದುರುಬದುರಾಗಿ ನಿಂತರು. ಕೃಷ್ಣವರ್ಣೀಯರಾದ ಪುರುಷರಿಗೆ ಮತವನ್ನು ಕೊಟ್ಟು ಸ್ತ್ರೀಯರನ್ನು ಹೊರಗೆ ಬಿಡುವ ರಾಜ್ಯಾಂಗದ ಹದಿನೈದನೆಯ ತಿದ್ದುಪಡಿಯನ್ನು ಒಪ್ಪಬಹುದೆ ಎಂಬುದೇ ವಿವಾದ. ಸ್ತ್ರೀಯರನ್ನು ಸ್ತ್ರೀಯರೆಂಬ ಕಾರಣಕ್ಕಾಗಿ ಮನೆಯಿಂದೆಳೆದು ದೀಪದ ಕಂಬಗಳಿಗೆ ನೇಣುಹಾಕುವ ದಿನ ಬಂದರೆ ಆಗ ಅವರ ಹಕ್ಕೂ ಇಷ್ಟೇ ಜರೂರಾಗುತ್ತದೆಂದು ಡಗ್ಲಸರು ಹೇಳಿದರು. ಕೃಷ್ಣವರ್ಣದ ಹೆಂಗಸಿನ ಪಾಡೂ ಹಾಗೆಯೇ ಇದೆಯಲ್ಲವೆ ಎಂದು ಸಭೆಯಿಂದ ಕೂಗು ಬಂದಿತು. ಹೌದು, ಆದರೆ ಅವಳು ಹೆಂಗಸೆಂದಲ್ಲ, ಕಪ್ಪಾಗಿರುವಳೆಂದು, ಎಂಬುದು ಅವರ ಉತ್ತರ. ಸ್ಟ್ಯಾಂಟನ್ ಅವರೋ, ಓದುಬರಹ ಬಾರದ ಕರಿಯರೂ ಹೊಸದಾಗಿ ಹಡಗಿನಿಂದಿಳಿದ ವಿದೇಶೀಯರೂ ವಿದ್ಯಾವತಿಯರಾದ ಹೆಂಗಸರ ಮೇಲೆ ಶಾಸನಮಾಡುವುದೇ ಎಂದು ಹೀನಾಯವಾದ ಮಾತುಗಳನ್ನಾಡಿದರು. ನ್ಯಾಯವನ್ನು ಕೇಳಹೋದ ಬಾಯಿಯಿಂದಲೇ ಅನ್ಯಾಯದ ಮಾತು ಹೊರಟಿತು.

ಡಗ್ಲಸರ ಉತ್ತರವನ್ನು ಸ್ವಲ್ಪ ನಿಂತು ಯೋಚಿಸಬೇಕು. ಅಂದಿನ ಸಂಕಟದಲ್ಲಿ ಯಾವುದು ಮೊದಲು ಎಂಬ ವಿಷಯದಲ್ಲಿ ಅವರ ನಿರ್ಣಯವು ಸರಿಯೇ ಆಗಿದ್ದಿರಬಹುದು. ದಕ್ಷಿಣ ಸಂಸ್ಥಾನಗಳಲ್ಲಿ ಹೊಸದಾಗಿ ಬಿಡುಗಡೆಹೊಂದಿದವರ ಪ್ರಾಣಗಳೇ ಅಪಾಯದಲ್ಲಿದ್ದವು. ಆದರೆ ಒಬ್ಬಳೇ ಹೆಂಗಸನ್ನು ‘ಇಷ್ಟು ಭಾಗ ಕಪ್ಪು, ಇಷ್ಟು ಭಾಗ ಹೆಣ್ಣು’ ಎಂದು ಸೀಳಿ ಹಂಚಿಕೊಳ್ಳುವುದು ತರ್ಕಕ್ಕೆ ಸಾಧ್ಯವಾದೀತೇ ಹೊರತು ಆಕೆಯ ಬಾಳಿಗೆ ಸಾಧ್ಯವಾಗುವುದಿಲ್ಲ. ತಿದ್ದುಪಡಿಯು 1870ರಲ್ಲಿ ಅಂಗೀಕೃತವಾಯಿತು. ಸ್ತ್ರೀಯರು 1920ರವರೆಗೆ ಕಾಯಬೇಕಾಯಿತು. ಕೃಷ್ಣವರ್ಣದ ಸ್ತ್ರೀಯು, ದಕ್ಷಿಣದಲ್ಲಿ, 1965ರ ಮತದಾನ ಶಾಸನದವರೆಗೆ ಎರಡು ತಿದ್ದುಪಡಿಗಳನ್ನೂ ಕಾಗದದ ಮೇಲೆಯೇ ಓದಿಕೊಂಡಿರಬೇಕಾಯಿತು. ಡಗ್ಲಸರ ಮನಸ್ಸು ಕಹಿಯಾಗಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 1895ರಲ್ಲಿ ಅವರು ತೀರಿಕೊಂಡ ದಿವಸವೂ ಸ್ತ್ರೀಯರ ಸಭೆಯೊಂದಕ್ಕೆ ಹೋಗಿಬಂದಿದ್ದರು.

ಈ ಹಳೆಯ ಜಗಳವೇ 2008ರಲ್ಲಿ ಹೊಸ ವೇಷದಲ್ಲಿ ಬಂದಿತು. ಡೆಮೊಕ್ರಾಟಿಕ್ ಪಕ್ಷದ ಉಮೇದುವಾರಿಕೆಗೆ ಬರಾಕ್ ಒಬಾಮರೂ ಹಿಲರಿ ಕ್ಲಿಂಟನ್ ಅವರೂ ಸ್ಪರ್ಧಿಸಿದರು. ಅಮೆರಿಕೆಯ ಜೀವನದಲ್ಲಿ ಹೆಚ್ಚು ಕಟ್ಟಿಹಾಕುವುದು ಬಹುಶಃ ವರ್ಣವಲ್ಲ, ಸ್ತ್ರೀತ್ವವೇ, ಎಂದು ಗ್ಲೋರಿಯಾ ಸ್ಟೈನಮ್ ಅವರು ಆ ವರ್ಷದ ಜನವರಿಯಲ್ಲಿ ಪತ್ರಿಕೆಯೊಂದರಲ್ಲಿ ಬರೆದರು. ಕೃಷ್ಣವರ್ಣದ ಸ್ತ್ರೀಯರಲ್ಲಿ ಅನೇಕರಿಗೆ ಆ ತಕ್ಕಡಿಯೇ ಒಪ್ಪಿಗೆಯಾಗಲಿಲ್ಲ. ಕ್ಲಿಂಟನ್ ಅವರ ಸಭೆಯೊಂದರಲ್ಲಿ ‘ನನ್ನ ಅಂಗಿಗೆ ಇಸ್ತ್ರಿ ಹಾಕು’ ಎಂದು ಗಂಡಸರು ಕೂಗಿದರು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ಗಾದೆ. ಆದರೆ ಇಬ್ಬರಿಗೂ ಕಾಲ ಬಾರದಿದ್ದ ಮನೆಯಲ್ಲಿ ಮೊದಲು ಯಾರ ಕಾಲ ಬರಬೇಕೆಂದು ಗಾದೆಯು ಹೇಳುವುದಿಲ್ಲ.

ಆ ವರ್ಷದಲ್ಲಿ ಇಬ್ಬರು ಕೃಷ್ಣವರ್ಣೀಯರು ನಡೆದುಕೊಂಡ ರೀತಿಯು ಮನನಮಾಡತಕ್ಕದ್ದು. ಜಾನ್ ಲೂಯಿಸ್ ಅವರು 1965ರ ಮಾರ್ಚಿಯಲ್ಲಿ ಸೆಲ್ಮಾ ನಗರದ ಸೇತುವೆಯ ಮೇಲೆ ಮತದಾನದ ಹಕ್ಕಿಗಾಗಿ ನಡೆಯುತ್ತಿದ್ದಾಗ ಪೊಲೀಸರಿಂದ ತಲೆಯೊಡೆಸಿಕೊಂಡವರು. 2007ರಲ್ಲಿ, ಸ್ನೇಹದಿಂದಲೂ ನಂಬಿಕೆಯಿಂದಲೂ, ಅವರು ಕ್ಲಿಂಟನ್ ಅವರಿಗೆ ಬೆಂಬಲವನ್ನು ಸಾರಿದ್ದರು. ಮರು ವರ್ಷ ಅವರ ಕ್ಷೇತ್ರದ ಜನ ಬಹುಸಂಖ್ಯೆಯಿಂದ ಒಬಾಮರಿಗೆ ಮತ ಕೊಟ್ಟ ಮೇಲೆ ಆ ಬೆಂಬಲವನ್ನು ಒಬಾಮರ ಕಡೆಗೆ ತಿರುಗಿಸಿದರು. ಇದನ್ನು ವರ್ಣಪಕ್ಷಪಾತವೆಂದು ಕರೆಯುವವರುಂಟು. ತಾವು ರಕ್ತ ಸುರಿಸಿ ಮತವನ್ನು ಕೊಡಿಸಿದ ಜನರೇ ಆ ಮತವನ್ನು ಒಂದು ಕಡೆ ಹಾಕಿದಾಗ, ಪ್ರತಿನಿಧಿಯಾದವನು ಇನ್ನೊಂದು ಕಡೆ ನಿಂತಿರುವುದು ಅಷ್ಟು ಸುಲಭವಲ್ಲ. ಇನ್ನೊಬ್ಬರು ಕಾಲಿನ್ ಪವೆಲ್ ಅವರು. ಹಿಂದೆ ಸೇನಾಪತಿಗಳೂ ವಿದೇಶಾಂಗ ಸಚಿವರೂ ಆಗಿದ್ದವರು, ರಿಪಬ್ಲಿಕನ್ ಪಕ್ಷದವರು. ಅಕ್ಟೋಬರಿನಲ್ಲಿ ಒಬಾಮರಿಗೆ ಬೆಂಬಲವಿತ್ತಾಗ, ಇದು ಬಣ್ಣಕ್ಕಾಗಿಯೋ ಎಂದು ಅವರನ್ನು ಕೇಳಿದರು. ಅದೊಂದೇ ಮನಸ್ಸಿನಲ್ಲಿದ್ದಿದ್ದರೆ ಎಷ್ಟೋ ತಿಂಗಳುಗಳ ಹಿಂದೆಯೇ ಹೇಳಿಬಿಡಬಹುದಾಗಿತ್ತಲ್ಲ, ಎಂಬುದು ಅವರ ಉತ್ತರದ ತಾತ್ಪರ್ಯ. ಒಬಾಮರು ಗೆದ್ದರೆ ಕೃಷ್ಣವರ್ಣೀಯರಿಗೆ ಮಾತ್ರವಲ್ಲ, ಅಮೆರಿಕದವರೆಲ್ಲರಿಗೂ ಹೆಮ್ಮೆಯೆಂದು ಕೂಡ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಹೆಮ್ಮೆಯನ್ನು ಅಲ್ಲಗಳೆಯಲಿಲ್ಲ, ಅದನ್ನೇ ಕಾರಣವಾಗಿಯೂ ಮಾಡಿಕೊಳ್ಳಲಿಲ್ಲ.

ಒಬಾಮರು ಗೆದ್ದದ್ದರಿಂದ ತಟ್ಟೆಯ ಅಡಿಯ ಹುಣಿಸೆಹಣ್ಣು ಉದುರಿತೆಂದು ಭಾವಿಸಿದವರು ಬೇಗನೆ ನಿರಾಶರಾದರು. ಅವರು ಹುಟ್ಟಿದ್ದು 1961ರಲ್ಲಿ, ಹವಾಯಿ ಸಂಸ್ಥಾನದ ಹೊನೊಲುಲುವಿನಲ್ಲಿ. ಆ ಕಾಲದಲ್ಲಿ ಅವರ ತಂದೆತಾಯಿಗಳದರಂತಹ ವಿವಾಹವನ್ನು ಅಪರಾಧವೆಂದೆಣಿಸುವ ಸಂಸ್ಥಾನಗಳು ಇನ್ನೂ ಅನೇಕವಿದ್ದವು. ಅಂತಹ ಶಾಸನಗಳನ್ನು ಅಲ್ಲಿಯ ಪರಮೋಚ್ಚ ನ್ಯಾಯಸ್ಥಾನವು 1967ರಲ್ಲಿ ರದ್ದುಗೊಳಿಸಿತು. ಜನ್ಮತಃ ಪ್ರಜೆಯಾಗಿರಬೇಕೆಂಬ ರಾಜ್ಯಾಂಗದ ವಿಧಿಯನ್ನು ಹಿಡಿದುಕೊಂಡು, ಇವರು ಹೊರದೇಶದಲ್ಲಿ ಹುಟ್ಟಿದವರೆಂಬ ಸುಳ್ಳನ್ನು ವರ್ಷಗಟ್ಟಲೆ ಹಬ್ಬಿಸಲಾಯಿತು. 2011ರ ಏಪ್ರಿಲಿನಲ್ಲಿ, ಪೀಠದಲ್ಲಿ ಕುಳಿತಿದ್ದ ಅಧ್ಯಕ್ಷರೇ, ತಮ್ಮ ಜನನಪತ್ರದ ಪೂರ್ಣಪ್ರತಿಯನ್ನು ಲೋಕದ ಮುಂದಿಡಬೇಕಾಯಿತು. ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. 2008ರಲ್ಲಿ ಅವರ ಪ್ರತಿಸ್ಪರ್ಧಿಯಾಗಿದ್ದ ಜಾನ್ ಮೆಕೇನ್ ಅವರು ನಿಜವಾಗಿಯೇ ಸಂಸ್ಥಾನಗಳ ಹೊರಗೆ, ಪನಾಮಾ ಕಾಲುವೆಯ ವಲಯದಲ್ಲಿ, 1936ರಲ್ಲಿ ಹುಟ್ಟಿದವರು. ನೌಕಾಸೈನ್ಯದಲ್ಲಿದ್ದ ತಂದೆಯ ಉದ್ಯೋಗದ ನಿಮಿತ್ತ ಅಲ್ಲಿ ಹುಟ್ಟಿದುದು. ಅವರ ಪ್ರಜಾತ್ವದಲ್ಲಿ ಸಂಶಯಪಡಲು ನ್ಯಾಯವಾದ ಕಾರಣವಿರಲಿಲ್ಲ. ಆ ವಿಷಯದಲ್ಲಿ ಎದ್ದ ಪ್ರಶ್ನೆಗೆ ಸೆನೆಟ್ ಸಭೆಯು ಏಪ್ರಿಲ್ ತಿಂಗಳಲ್ಲಿ ಏಕಾಭಿಪ್ರಾಯದ ನಿರ್ಣಯವೊಂದರಿಂದ ಮಂಗಳ ಹಾಡಿತು. ಆ ನಿರ್ಣಯವನ್ನು ಮುಂದಿಟ್ಟವರೊಡನೆ ಒಬಾಮರೂ ಕ್ಲಿಂಟನ್ ಅವರೂ ಸೇರಿದ್ದರು. ಹೊರಗೆ ಹುಟ್ಟಿದವರಿಗೆ ಒಂದು ದಿನದ ನಿರ್ಣಯ ಸಾಕಾಯಿತು. ಒಳಗೆ ಹುಟ್ಟಿದವರಿಗೆ ಮೂರು ವರ್ಷಗಳ ದಾಖಲೆ ಸಾಲದಾಯಿತು. ದುರಭಿಮಾನವು ತನ್ನ ಹೆಸರನ್ನು ಹೇಳಿಕೊಂಡು ಬಾಗಿಲು ತಟ್ಟುವುದು ಅಪೂರ್ವ. ಅದು ಸಾಮಾನ್ಯವಾಗಿ ಶಾಸನದ ಅಂಗಿಯನ್ನು ತೊಟ್ಟು, ‘ವಿಚಾರಿಸುವುದರಲ್ಲಿ ತಪ್ಪೇನು?’ ಎನ್ನುತ್ತ ಬರುತ್ತದೆ.

ಹಾಗಾದರೆ ಜನ್ಮವನ್ನು ಎಣಿಸಲೇಬೇಕೆಂದಾಯಿತೆ? ಆಗಲಿಲ್ಲ. ಕೃಷ್ಣವರ್ಣೀಯರ ಮತದಾನಕ್ಕೆ ನಿಜವಾದ ಕಾವಲನ್ನು ಒದಗಿಸಿದ ಶಾಸನಗಳಿಗೆ 1964ರಲ್ಲಿಯೂ 1965ರಲ್ಲಿಯೂ ಸಹಿ ಹಾಕಿದವರು ಟೆಕ್ಸಾಸಿನ ಶ್ವೇತವರ್ಣೀಯರಾದ ಲಿಂಡನ್ ಜಾನ್ಸನ್ನರು. ಇಂಗ್ಲೆಂಡಿನಲ್ಲಿ 1979ರಿಂದ 1990ರವರೆಗೆ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರು ಅಷ್ಟು ವರ್ಷಗಳಲ್ಲಿ ತಮ್ಮ ಮಂತ್ರಿಮಂಡಲದ ಅಂತರಂಗಕ್ಕೆ ಸೇರಿಸಿಕೊಂಡ ಸ್ತ್ರೀ ಒಬ್ಬರೇ. ಇಂತಹವರು ಇಂತಹದನ್ನೇ ಮಾಡುವರೆಂದು ಮೈಬಣ್ಣದಿಂದಲೋ ಸೀರೆ ಪಂಚೆಗಳಿಂದಲೋ ನಿರ್ಣಯಿಸಹೋದವರು ಮೋಸಹೋಗುತ್ತಾರೆ. ಜನ್ಮವು ಗುಣವಲ್ಲ. ಆದರೆ ಒಂದು ಜನ್ಮವನ್ನು ತಾಳಿ ಬದುಕಿದ ಬದುಕು ಗುಣವನ್ನು ಬೆಳೆಸುವ ನೆಲವಾಗಬಲ್ಲದು. ಬೀದಿಯಲ್ಲಿ ನಡೆಯುವಾಗ ತನ್ನನ್ನು ಜನ ಹೇಗೆ ನೋಡುತ್ತಾರೆಂಬುದನ್ನು ಬಾಲ್ಯದಿಂದ ಅರಿತವರಿಗೆ ರಾಜ್ಯದ ವಿಷಯವಾಗಿ ಒಂದು ಅರಿವುಂಟು. ಆ ನೋಟಕ್ಕೆ ಎಂದೂ ಗುರಿಯಾಗದವರು ಅದನ್ನು ಪ್ರಯತ್ನಪಟ್ಟು ಸಂಪಾದಿಸಬೇಕು. ಸಂಪಾದಿಸಬಾರದೆಂದೇನೂ ಇಲ್ಲ, ಜಾನ್ಸನ್ನರು ಸಂಪಾದಿಸಿದರು. ಯೌವನದಲ್ಲಿ ಮೆಕ್ಸಿಕೋ ಮೂಲದ ಬಡ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದುದು ಅವರಿಗೆ ಕೊನೆಯವರೆಗೂ ನೆನಪಿತ್ತು. ಸೈನ್ಯದಲ್ಲಿ ದುಡಿದವರನ್ನು ಅಧ್ಯಕ್ಷರನ್ನಾಗಿ ಆರಿಸುವಾಗ ಆ ಅನುಭವವನ್ನು ಗಣನೆಗೆ ತರುವುದು ತಪ್ಪೆಂದು ಯಾರೂ ಹೇಳಲಿಲ್ಲ. ಬಾಳಿನ ಅನುಭವವಾಗಿ ವರ್ಣವೂ ಸ್ತ್ರೀತ್ವವೂ ಅದೇ ಸಾಲಿಗೆ ಸೇರುತ್ತವೆ: ಸಾಕ್ಷಿಯಾಗಿ, ಸನ್ನದಾಗಿ ಅಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬಹುದು. ಆ ಅನುಭವದಿಂದ ಈತನು ಅಥವಾ ಈಕೆಯು ಕಲಿತದ್ದೇನು, ಮಾಡಿದ್ದೇನು ಎಂದು ಕೇಳಬಹುದು. ಸನ್ನದಿಗೆ ಆ ಪ್ರಶ್ನೆಯಿಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. 2020ರಲ್ಲಿ ಜೋ ಬೈಡನ್ನರು, ಉಪಾಧ್ಯಕ್ಷಸ್ಥಾನಕ್ಕೆ ಸ್ತ್ರೀಯೊಬ್ಬರನ್ನೇ ಆರಿಸುವುದಾಗಿ ಮೊದಲೇ ಸಾರಿ, ತರುವಾಯ ಕಮಲಾ ಹ್ಯಾರಿಸ್ ಅವರನ್ನು ಹೆಸರಿಸಿದರು. ಹಾಗೆ ಸಾರಿದ್ದರಿಂದ ಆರಿಸಲ್ಪಟ್ಟವರ ಯೋಗ್ಯತೆಗೇ ಕುಂದಾಯಿತೆಂದು ಕೆಲವರು ವಾದಿಸಿದರು. ವಾದದಲ್ಲಿ ಸತ್ತ್ವವಿಲ್ಲದೆ ಇಲ್ಲ. ಬಾಗಿಲನ್ನು ತೆರೆದವರು ತಾವು ತೆರೆದೆವೆಂದು ಡಂಗುರ ಹೊಯ್ಯಿಸಿದರೆ ಒಳಗೆ ಬಂದವರು ತಲೆತಗ್ಗಿಸಬೇಕಾಗುವುದು. ಆದರೆ 1960ರಲ್ಲಿ ಮೆಸಚೂಸೆಟ್ಸಿನ ಕೆನೆಡಿಯವರು ಟೆಕ್ಸಾಸಿನ ಜಾನ್ಸನ್ನರನ್ನು ಜತೆಗೆ ತೆಗೆದುಕೊಂಡಾಗ ದಕ್ಷಿಣದವರೊಬ್ಬರು ಬೇಕೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದರಿಂದ ಜಾನ್ಸನ್ನರ ಯೋಗ್ಯತೆಗೆ ಕುಂದಾಯಿತೆಂದು ಯಾರೂ ಮರುಗಲಿಲ್ಲ. ಚುನಾಯಕರು ಅಧ್ಯಕ್ಷ ಉಪಾಧ್ಯಕ್ಷರಿಬ್ಬರನ್ನೂ ತಮ್ಮ ಸಂಸ್ಥಾನದವರನ್ನೇ ಆರಿಸಕೂಡದೆಂದು ರಾಜ್ಯಾಂಗವೇ ವಿಧಿಸಿದೆ. ಹುಟ್ಟಿದ ದಿಕ್ಕನ್ನು ಎಣಿಸುವುದು ರಾಜನೀತಿಯೆನ್ನಿಸಿಕೊಂಡರೆ, ಅಷ್ಟೇ ಎಚ್ಚರದಿಂದ ದೇಶದ ಅರ್ಧ ಜನರನ್ನು ಎಣಿಸುವುದು ಅನೀತಿಯೆನ್ನಿಸಿಕೊಳ್ಳುವುದು ಹೇಗೆ?

ಕಷ್ಟವಿರುವುದು ಬೇರೆ ಕಡೆ. ನೂರು ಸ್ಥಾನಗಳ ಸಭೆಯಲ್ಲಿ ಎಲ್ಲ ಬಗೆಯ ಜನರಿಗೂ ಎಡೆಮಾಡಬಹುದು, ಅಧ್ಯಕ್ಷಪೀಠವು ಒಂದೇ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯತಿ ಚುನಾವಣೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿದ್ದರು. 1993ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ ತಿದ್ದುಪಡಿಯು ಪಂಚಾಯತಿಗಳ ಅಧ್ಯಕ್ಷಪದವಿಯಲ್ಲಿಯೂ ಮೂರರಲ್ಲೊಂದು ಪಾಲನ್ನು ಅವರಿಗೆ ಇಟ್ಟು, ಸರದಿಯ ಮೇಲೆ ಊರಿಂದೂರಿಗೆ ತಿರುಗುವಂತೆ ಏರ್ಪಡಿಸಿತು. ಊರುಗಳು ಸಾವಿರಾರಿದ್ದುದರಿಂದ ಅದು ಸಾಧ್ಯವಾಯಿತು. ಇಡೀ ರಾಷ್ಟ್ರಕ್ಕೆ ಒಂದೇ ಪೀಠವಿರುವಲ್ಲಿ ಸರದಿಯು ತಿರುಗುವುದು ಕಾಲದಲ್ಲಿಯೇ ಹೊರತು ಸ್ಥಳದಲ್ಲಲ್ಲ. ಭಾರತದ ರಾಷ್ಟ್ರಪತಿಪೀಠಕ್ಕೆ 1997ರಲ್ಲಿ ಕೆ. ಆರ್. ನಾರಾಯಣನ್, 2007ರಲ್ಲಿ ಪ್ರತಿಭಾ ಪಾಟೀಲ್, 2022ರಲ್ಲಿ ದ್ರೌಪದಿ ಮುರ್ಮು ಅವರು ಬಂದುದನ್ನು ಕೆಲವರು ಅಮೆರಿಕೆಗೆ ಪಾಠವಾಗಿ ತೋರಿಸುವುದುಂಟು. ಆ ಹೋಲಿಕೆಯು ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿಯ ರಾಷ್ಟ್ರಪತಿಯನ್ನು ಆರಿಸುವವರು ಶಾಸನಸಭೆಗಳ ಸದಸ್ಯರು, ಮತ್ತು ರಾಷ್ಟ್ರಪತಿಯು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಅಧಿಕಾರವನ್ನು ಕೈಗೆ ಕೊಡುವಾಗ ಸಮಾಜವು ತೋರಿಸುವ ಧಾರಾಳವೂ, ಗೌರವವನ್ನು ಕೊಡುವಾಗ ತೋರಿಸುವ ಧಾರಾಳವೂ ಒಂದೇ ಅಳತೆಯವಲ್ಲ.

ಆ ಪೀಠಕ್ಕೆ ಸ್ತ್ರೀಯರಾರೂ ಈವರೆಗೆ ಬಂದಿಲ್ಲ. 2016ರಲ್ಲಿ ಕ್ಲಿಂಟನ್ ಅವರಿಗೆ ಎದುರಾಳಿಗಿಂತ 28 ಲಕ್ಷಕ್ಕೂ ಹೆಚ್ಚಿನ ಜನಮತಗಳು ಬಂದರೂ ಚುನಾಯಕರ ಲೆಕ್ಕದಲ್ಲಿ ಸೋಲಾಯಿತು. 2024ರಲ್ಲಿ ಹ್ಯಾರಿಸ್ ಅವರಿಗೆ 226, ಟ್ರಂಪ್ ಅವರಿಗೆ 312 ಚುನಾಯಕರ ಮತಗಳು. ಈ ಎರಡು ಸೋಲುಗಳನ್ನೂ ಸ್ತ್ರೀದ್ವೇಷವೆಂಬ ಒಂದೇ ಮಾತಿನಿಂದ ವಿವರಿಸುವುದು ಸೋಮಾರಿತನವಾದೀತು. ಹ್ಯಾರಿಸ್ ಅವರಿಗೆ ದೊರೆತ ಅವಧಿಯು ಮೂರೂವರೆ ತಿಂಗಳು. ಬೆಲೆಗಳ ಏರಿಕೆಯಿಂದ ಜನ ಬೇಸತ್ತಿದ್ದರು. ಸ್ತ್ರೀತ್ವವು ಏನೂ ಲೆಕ್ಕಕ್ಕೆ ಬರಲಿಲ್ಲವೆನ್ನುವುದೂ ಅದೇ ಸೋಮಾರಿತನದ ಇನ್ನೊಂದು ಮುಖ. ಮತ ಹಾಕುವವನು ತನ್ನನ್ನು ತಾನು ಕೇಳಿಕೊಳ್ಳಬಹುದಾದ ಪ್ರಶ್ನೆ ಇದಕ್ಕಿಂತ ಸಣ್ಣದು: ಈಕೆಯ ಧ್ವನಿಯಲ್ಲಿ ತನಗೆ ಕರ್ಕಶವಾಗಿ ಕೇಳಿದ್ದು, ಈತನ ನಡೆಯಲ್ಲಿ ತನಗೆ ಉದ್ಧಟತನವಾಗಿ ಕಂಡದ್ದು, ತನ್ನ ಬಣ್ಣದ ಗಂಡಸೊಬ್ಬನಲ್ಲಿದ್ದಿದ್ದರೆ ಗಾಂಭೀರ್ಯವೆಂದೋ ಧೈರ್ಯವೆಂದೋ ತೋರುತ್ತಿತ್ತೇ? ಪ್ರಾಮಾಣಿಕನಾದವನಿಗೆ ಈ ಪ್ರಶ್ನೆಗೆ ಉತ್ತರ ಹೇಳಿಕೊಳ್ಳಲು ಒಂದು ರಾತ್ರಿಯಾದರೂ ಬೇಕು.

1972ರಲ್ಲಿ ಈ ಪ್ರಶ್ನೆಯನ್ನು ದೇಶದ ಮುಂದೆ ಇಟ್ಟವರು ಶರ್ಲಿ ಚಿಸಮ್ ಅವರು. ಬಾರ್ಬಡೋಸಿನಿಂದ ಬಂದ ಅವರ ತಾಯಿಯು ಹೊಲಿಗೆಯಿಂದಲೂ ಪರರ ಮನೆಗೆಲಸದಿಂದಲೂ ಸಂಸಾರವನ್ನು ಸಾಗಿಸಿದವರು. 1968ರಲ್ಲಿ ಚಿಸಮ್ ಅವರು ಬ್ರೂಕ್ಲಿನ್ನಿನಿಂದ ಕಾಂಗ್ರೆಸ್ ಸಭೆಗೆ ಆಯ್ಕೆಯಾದರು. ಅಲ್ಲಿಗೆ ಹೋದ ಕೃಷ್ಣವರ್ಣದ ಸ್ತ್ರೀಯರಲ್ಲಿ ಅವರೇ ಮೊದಲಿಗರು. ಅಧ್ಯಕ್ಷಪದವಿಗೆ ನಿಂತಾಗ ಅವರು ಹೇಳಿದುದರ ಸಾರವಿಷ್ಟು: ತಾವು ಕೃಷ್ಣವರ್ಣೀಯರೆಂಬ ಹೆಮ್ಮೆಯುಂಟು, ಆದರೆ ಕೃಷ್ಣವರ್ಣೀಯರ ಉಮೇದುವಾರರಲ್ಲ; ಸ್ತ್ರೀಯೆಂಬ ಹೆಮ್ಮೆಯುಂಟು, ಆದರೆ ಸ್ತ್ರೀಚಳವಳಿಯ ಉಮೇದುವಾರರಲ್ಲ; ಅಮೆರಿಕೆಯ ಜನತೆಯ ಉಮೇದುವಾರರು. ಕೃಷ್ಣವರ್ಣದ ನಾಯಕರಾದ ಗಂಡಸರಲ್ಲಿ ಬಹುಮಂದಿ ಅವರ ಕೈಹಿಡಿಯಲಿಲ್ಲ. ಸ್ತ್ರೀಚಳವಳಿಯ ಮುಂದಾಳುಗಳಲ್ಲಿ ಕೆಲವರು ಅರೆಮನಸ್ಸಿನಿಂದ ಹಿಡಿದು ಬಿಟ್ಟರು. ಬಣ್ಣಕ್ಕಿಂತ ಹೆಣ್ಣುತನವೇ ತಮಗೆ ಹೆಚ್ಚು ಅಡ್ಡಬಂದಿತೆಂದು ಅವರು ಅನೇಕ ಸಲ ಹೇಳಿದ್ದಾರೆ. ಪಕ್ಷದ ಮಹಾಸಭೆಯಲ್ಲಿ ಅವರಿಗೆ ಬಂದ ಮತಗಳು ಸುಮಾರು 152.

ಆ ವರ್ಷದ ಮೇ ತಿಂಗಳಲ್ಲಿ ಅವರ ಪ್ರತಿಸ್ಪರ್ಧಿಗಳಲ್ಲೊಬ್ಬರಾದ, ವರ್ಣವಿಭಜನೆಯೇ ಎಂದೆಂದಿಗೂ ಇರತಕ್ಕದ್ದೆಂದು 1963ರಲ್ಲಿ ಘೋಷಿಸಿದ್ದ, ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸರಿಗೆ ಗುಂಡೇಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಚಿಸಮ್ ಅವರು ಆಸ್ಪತ್ರೆಗೆ ಹೋಗಿ ಅವರನ್ನು ನೋಡಿ ಬಂದರು. ಸ್ವಂತ ಕ್ಷೇತ್ರದ ಜನರೇ ಇದಕ್ಕಾಗಿ ಅವರ ಮೇಲೆ ಕೆರಳಿದರು. ಎರಡು ವರ್ಷಗಳ ತರುವಾಯ ಮನೆಗೆಲಸದವರಿಗೂ ಕನಿಷ್ಠ ಕೂಲಿ ಸಿಕ್ಕಬೇಕೆಂದು ಅವರು ಹೋರಾಡುತ್ತಿದ್ದಾಗ, ದಕ್ಷಿಣದ ಸದಸ್ಯರ ಮತಗಳನ್ನು ದೊರಕಿಸಿಕೊಡುವುದರಲ್ಲಿ ವಾಲೇಸರು ನೆರವಾದರೆಂದು ಚಿಸಮ್ ಅವರೇ ಮುಂದೆ ಹೇಳಿದ್ದುಂಟು. ಆ ಶಾಸನಕ್ಕೆ 1974ರ ಏಪ್ರಿಲಿನಲ್ಲಿ ಸಹಿ ಹಾಕಿದವರು 1972ರ ಚುನಾವಣೆಯಲ್ಲಿ ಗೆದ್ದಿದ್ದ ನಿಕ್ಸನ್ನರು. ಅದರಿಂದ ಕೂಲಿಯ ಹಕ್ಕು ದೊರೆತ ಮನೆಗೆಲಸದವರಲ್ಲಿ ಹೆಚ್ಚಿನವರು ಹೆಂಗಸರು, ಮತ್ತು ಅವರಲ್ಲಿ ಬಹುಮಂದಿ ಕೃಷ್ಣವರ್ಣದವರು.